ನಾನು ಒರೆಸಿದ ಎರಡು ಗುರುತು

ಕಳೆದ ವರ್ಷ ಮೇ ತಿಂಗಳ ಕೊನೆ. ನನ್ನ ಯಜಮಾನರು ತೀರಿಕೊಂಡು ಎರಡು ತಿಂಗಳಾಗಿತ್ತು. ತೀರ್ಥಹಳ್ಳಿಯಲ್ಲಿ ಅವರದೊಂದು ವೆಲ್ಡಿಂಗ್ ಶಾಪ್ ಇತ್ತು. ಅವರ ಕೊನೆಯ ಕೆಲಸ ಹೊಸನಗರದ ಕಡೆಯ ಪದ್ಮರಾಜಯ್ಯನವರ ಮನೆ ಪಕ್ಕದ ಊಟದ ಹಾಲ್.

ಆ ಹಾಲ್‌ಗೆ ನೆಟ್ಟಗಿನ ಕಂಬವೇ ಇಲ್ಲ. ಸುತ್ತಲೂ ಕಬ್ಬಿಣದ ಪೈಪುಗಳು ಓರೆಯಾಗಿ ಮೇಲೇರಿ, ಒಂದನ್ನೊಂದು ಹಾಯ್ದು, ಬಲೆಯ ಕಣ್ಣುಗಳ ಹಾಗೆ ಹೆಣೆದುಕೊಂಡು ತಗಡಿನ ಮಾಡನ್ನು ಹೊತ್ತಿವೆ. ನಕ್ಷೆ ಶಿವಮೊಗ್ಗದ ಎಂಜಿನಿಯರೊಬ್ಬರದು.

"ನೆಟ್ಟ ಕಂಬ ಭಾರ ಹೊರುತ್ತೆ, ಗಾಳಿಗೆ ಬೇರೆ ಆಧಾರ ಕೊಡ್ಬೇಕು. ಓರೆ ಪೈಪು ಎರಡನ್ನೂ ನೋಡ್ಕೊಳ್ಳುತ್ತೆ. ಕಬ್ಬಿಣ ಕಮ್ಮಿ ಸಾಕು" ಎಂದು ನಮ್ಮ ಯಜಮಾನರು ವಿವರಿಸಿದಾಗ ಪದ್ಮರಾಜಯ್ಯನವರು, "ಹಂಗಾದ್ರೆ ರೇಟೂ ಕಮ್ಮಿ ಮಾಡು ಮಾರಾಯ" ಎಂದರು.

"ಕಬ್ಬಿಣದಲ್ಲಿ ಉಳಿದಿದ್ದು ಜಾಯಿಂಟಿನಲ್ಲಿ ಹೋಗುತ್ತೆ ಅಯ್ಯ. ಪೈಪು ಸೇರೋ ಒಂದೊಂದು ಜಾಗಕ್ಕೂ ಒಂದೊಂದು ದಿನ ಬೇಕು."

ಆ ಜಾಯಿಂಟುಗಳನ್ನು ಇವರು ಬೇರೆಯವರ ಕೈಗೆ ಕೊಡಲಿಲ್ಲ. ಶಾಪಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಕೃಷ್ಣಪ್ಪ ಕಾಮಾಲೆಯಾಗಿ ಮೇಗರವಳ್ಳಿಯ ಮನೆಗೆ ಹೋಗಿ ಮಲಗಿದ್ದ. ಇವರೊಬ್ಬರೇ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬಸ್ ಸ್ಟ್ಯಾಂಡಿನಲ್ಲೇ ಕುಸಿದರು.

ಮಾಡಿಗೆ ತಗಡು ಕೂತಿತ್ತು. ಉಳಿದಿರುವುದು ಕೆಂಪು ಬಣ್ಣ ಬಳಿಯುವುದೊಂದೇ ಎಂದುಕೊಂಡೆ. ಅವರ ಕೊನೆಯ ಕೆಲಸವನ್ನು ನನ್ನ ಕೈಯಿಂದಲೇ ಮುಗಿಸಬೇಕೆಂಬ ಹಟ ಬಂತು. ಇಬ್ಬರು ಹೆಂಗಸರನ್ನು ಕರೆದುಕೊಂಡು ಹೋಗಿ, ಪೈಪುಗಳ ಧೂಳನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ನಾಲ್ಕು ದಿನ ಬಣ್ಣ ಬಳಿದೆ. ಕೆಲಸ ಚೆನ್ನಾಗಿ ಕಂಡಿತು.

ಆ ಹಾಲ್‌ನಲ್ಲಿ ಮೊದಲ ಊಟ ಪದ್ಮರಾಜಯ್ಯನವರ ಮೊಮ್ಮಗಳ ನಾಮಕರಣದ್ದು. "ನಿನ್ನ ಯಜಮಾನ ಕಟ್ಟಿದ್ದು, ನೀನು ಬರ್ದೇ ಇದ್ರೆ ಹ್ಯಾಂಗೆ?" ಎಂದು ಅವರೇ ಕರೆದಿದ್ದರು. ಕೃಷ್ಣಪ್ಪನೂ ಚೇತರಿಸಿಕೊಂಡು ಬಂದಿದ್ದ. ನಮ್ಮ ಪಂಕ್ತಿಗೆ ಅನ್ನ ಬಡಿಸುವಾಗ ಹುಲಿಕಲ್ ಘಾಟಿಯ ಕಡೆಯಿಂದ ಮೋಡ ಕಪ್ಪಾಗಿ ಗಾಳಿ ಎದ್ದಿತು.

ಕೃಷ್ಣಪ್ಪ ಮೇಲೆ ನೋಡುತ್ತ ಕೇಳಿದ: "ಅಕ್ಕ, ಬಣ್ಣ ಬಳಿದವ್ರು ಯಾರು?"

"ನಾನೇ."

"ಸೀಮೆಸುಣ್ಣದ ಗುರುತು ಎಲ್ಲಾದ್ರೂ ಇತ್ತಾ?"

"ಎರಡು ಕಡೆ ಸೊನ್ನೆ ಹಾಕಿದ್ರು. ಅಳತೆದು ಅಂತ ಒರೆಸ್ದೆ."

ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದ. "ಅಳತೆದಲ್ಲ ಅಕ್ಕ. ಅಣ್ಣ ಪೂರ್ತಿ ಬೆಸುಗೆ ಹಾಕ್ದೆ, ಪೈಪು ನಿಲ್ಲೋಕೆ ಅಂತ ಬರೀ ಚುಕ್ಕಿ ಹೊಡೆದ ಕಡೆ ಸೊನ್ನೆ ಹಾಕ್ತಿದ್ರು. ಎಲ್ಲೆಲ್ಲಿತ್ತು?"

ನನಗೆ ನೆನಪಾಗಲಿಲ್ಲ. ಸುತ್ತಲೂ ಎಲ್ಲ ಜಾಯಿಂಟುಗಳೂ ಒಂದೇ ಕೆಂಪು. ಕೆಳಗೆ ನೂರಕ್ಕೂ ಹೆಚ್ಚು ಜನ, ಮಕ್ಕಳು. ನಿಜ ಹೇಳಬೇಕು: ಆ ಗಳಿಗೆಯಲ್ಲೂ, ಈಗ ಬಾಯಿ ಬಿಟ್ಟರೆ ಸತ್ತವರ ಹೆಸರು ಹಾಳಾಗುತ್ತದಲ್ಲ ಎಂದು ನಾನು ಸುಮ್ಮನೆ ಕೂತೆ. ತಗಡು ಒಮ್ಮೆ ಜೋರಾಗಿ ಬಡಿದುಕೊಂಡಿತು. ಆಗ ಎದ್ದು ಹೋಗಿ ಪದ್ಮರಾಜಯ್ಯನವರಿಗೆ ಎಲ್ಲ ಹೇಳಿದೆ.

ಅವರು ನನ್ನ ಮುಖವನ್ನೊಮ್ಮೆ, ಮಾಡನ್ನೊಮ್ಮೆ ನೋಡಿದರು. "ಎಲ್ರೂ ಏಳಿ, ಮನೆ ಒಳಗೆ ನಡೀರಿ" ಎಂದು ಕೂಗಿದರು.

"ಹೋಳಿಗೆ ಬರೋ ಹೊತ್ತಿಗೆ ಎಬ್ಬಿಸ್ತಾನೆ. ಇವನ ಜಿಪುಣತನ ಇನ್ನೂ ಹೋಗ್ಲಿಲ್ಲ" ಎಂದು ಯಾರೋ ನಕ್ಕರು. ಆದರೂ ಎದ್ದರು. ಮೊಣಕಾಲು ನೋವಿದ್ದ ಆ ಮನೆಯ ಅಜ್ಜಿ ಮಾತ್ರ ಕೂತೇ ಇದ್ದರು. ನಾನು ಮತ್ತೆ ಹಾಲ್‌ನೊಳಗೆ ಓಡಿ ಅವರ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ.

"ನಿಧಾನ ಮಾರಾಯ್ತಿ, ನಾನೇನು ಕುದುರೆಯಾ?" ಎಂದರು ಅಜ್ಜಿ.

ಹಾಲ್‌ನ ನಡುವೆ ಬಂದಿದ್ದೆವು. ತಲೆಯ ಮೇಲೆ ಕಲ್ಲು ಒಡೆದಂಥ ಸದ್ದಾಯಿತು. ಪಡುವಣ ಮೂಲೆಯ ಒಂದು ಪೈಪು ಜಾಯಿಂಟಿನಿಂದ ಬಿಟ್ಟುಕೊಂಡು ಗೇಣುದ್ದ ಹೊರಗೆ ಜಿಗಿಯಿತು. ಇಡೀ ಮಾಡು ನರಳಿತು. ನಾನು ಅಜ್ಜಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಕೃಷ್ಣಪ್ಪ ಬಂದು ನಮ್ಮಿಬ್ಬರನ್ನೂ ಹೊರಗೆ ಎಳೆದುಕೊಂಡು ಹೋದ.

ಅರ್ಧ ಗಂಟೆ ಗಾಳಿ ಹೊಡೆಯಿತು. ಆ ಮೂಲೆ ಸ್ವಲ್ಪ ಕುಗ್ಗಿತು, ಅಷ್ಟೆ. ಬಿಟ್ಟ ಪೈಪಿನ ಭಾರವನ್ನು ಅಕ್ಕಪಕ್ಕದ ಓರೆ ಪೈಪುಗಳು ಹಂಚಿಕೊಂಡವು ಎಂದು ಮರುದಿನ ಬಂದ ಎಂಜಿನಿಯರು ಹೇಳಿದರು. ಆ ಪೈಪುಗಳ ಜಾಯಿಂಟುಗಳಲ್ಲಿ ಒಂದು ಬಿರುಕೂ ಇರಲಿಲ್ಲ. ಎಲ್ಲ ಕಡೆ ಬಣ್ಣ ಕೆರೆದು ನೋಡಿದಾಗ ಇನ್ನೊಂದು ಅರೆಬರೆ ಜಾಯಿಂಟೂ ಸಿಕ್ಕಿತು. ಎರಡನ್ನೂ ಕೃಷ್ಣಪ್ಪ ಬೆಸೆದ.

ನಾನು ಕ್ಷಮೆ ಕೇಳಲು ಹೋದಾಗ ಪದ್ಮರಾಜಯ್ಯನವರು, "ನಿನ್ನ ಯಜಮಾನನ ಕೆಲಸ ಕೆಟ್ಟಿರ್ಲಿಲ್ಲ ತಂಗಿ. ಮುಗಿದಿರ್ಲಿಲ್ಲ" ಎಂದರು.

ಆದರೂ ನನ್ನ ಹೆದರಿಕೆ ಹೋಗಿಲ್ಲ. ಗಾಳಿ ಎದ್ದರೆ ಈಗಲೂ ಅವರ ಮನೆಗೆ ಫೋನ್ ಮಾಡುತ್ತೇನೆ. ಆ ಅಜ್ಜಿಯೇ ಎತ್ತುತ್ತಾರೆ. ನಾನು ಕೇಳುವ ಮೊದಲೇ, "ನಿಂತಿದೆ ಮಾರಾಯ್ತಿ, ನೀನು ಉಂಡ್ಯಾ?" ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. ಫೋನಿಟ್ಟು, ಒಬ್ಬಳಿಗೇ ಏನು ಅಡುಗೆ ಎಂದು ಬೆಳಗಿನಿಂದ ಹೊತ್ತಿಸದ ಒಲೆಯನ್ನು ಆಮೇಲೆ ಹೊತ್ತಿಸುತ್ತೇನೆ.