ಕುಂಕುಮ ಹಚ್ಚಿದ ಕಡತಗಳು

ನಾನು ವಕೀಲರ ಗುಮಾಸ್ತ. ಯಾದಗಿರಿ ಕಡೆಯಿಂದ ಬಂದು ಹಲಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದವನು, ಇಪ್ಪತ್ತು ವರ್ಷಗಳಿಂದ ಒಬ್ಬರ ಹತ್ತಿರವೇ ಇದ್ದೇನೆ. ನಮ್ಮ ಮೇಡಂ ಆಫೀಸು ಇರುವುದು ಕೆರೆಯಿಂದ ಎರಡು ಬೀದಿ ಒಳಗೆ, ಪಾತ್ರೆ ಅಂಗಡಿಯ ಮೇಲೆ. ನನಗೆ ಬಾಯಿ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಆದ ಕೇಡಿಗೆಲ್ಲ ಅದೇ ಕಾರಣವೆಂದು ನಾನು ಬಹಳ ದಿನ ನಂಬಿದ್ದೆ.

ಮೇಡಂ ಹೆಸರು ಹೈಕೋರ್ಟ್ ನ್ಯಾಯಮೂರ್ತಿ ಹುದ್ದೆಗೆ ಹೋಯಿತು. ಇಲ್ಲಿನ ಹಿರಿಯ ನ್ಯಾಯಮೂರ್ತಿಗಳು ಐವರು ವಕೀಲರನ್ನು ಆರಿಸಿ ಪಟ್ಟಿ ಕಳಿಸಿದ್ದರು. ಅದರಲ್ಲಿ ಮೇಡಂ ಎರಡನೆಯವರು. ಸುಪ್ರೀಂ ಕೋರ್ಟಿನವರು ಒಪ್ಪಬೇಕು, ದೆಹಲಿ ಸರ್ಕಾರ ಒಪ್ಪಬೇಕು, ಆಮೇಲೆ ರಾಷ್ಟ್ರಪತಿಗಳ ಸಹಿ. ಅವತ್ತಿನಿಂದ ಮೇಡಂ ಹೊಸ ವಕಾಲತ್ತಿಗೆ ಸಹಿ ಹಾಕುವುದನ್ನು ನಿಲ್ಲಿಸಿದರು. ಇಂದು ಕೇಸು ಹಿಡಿದು ನಾಳೆ ಪೀಠ ಹತ್ತಿದರೆ ಕಕ್ಷಿದಾರ ನಡುನೀರಿನಲ್ಲಿ ಉಳಿಯುತ್ತಾನೆ, ಅದು ಸರಿಯಲ್ಲ ಎಂಬುದು ಅವರ ಲೆಕ್ಕ. ಬಂದವರನ್ನು ವಾಪಸ್ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ದಿನ ಮೇಡಂ ಕೋರ್ಟಿಗೆ ಹೋದಾಗ ಸಫಾರಿ ತೊಟ್ಟವರೊಬ್ಬರು ಬಂದರು. ಪಟ್ಟಿಯಲ್ಲಿರುವವರ ನಡತೆ ವಿಚಾರಿಸಲು ಸರ್ಕಾರದ ಕಡೆಯಿಂದ ಯಾರಾದರೂ ಬರುತ್ತಾರೆಂದು ಗೊತ್ತಿತ್ತು. ಟೀ ತರಿಸಿದೆ. "ಮೇಡಂ ಹೆಂಗೆ?" ಎಂದರು. ಅಷ್ಟು ಸಾಕಿತ್ತು ನನಗೆ. ಗೋಡೆ ಬದಿಯ ಕಬ್ಬಿಣದ ಬೀರು ತೆರೆದೆ.

ಆ ಬೀರು ನನ್ನ ಹೆಮ್ಮೆ. ಮೇಡಂ ಗೆದ್ದ ದೊಡ್ಡ ಕೇಸುಗಳ ಕಡತಗಳನ್ನು ನಾನು ಅದರಲ್ಲಿ ಇಟ್ಟಿದ್ದೆ. ಪ್ರತಿ ಆಯುಧಪೂಜೆಗೆ ಒಂದೊಂದಕ್ಕೂ ಅರಿಸಿನ ಕುಂಕುಮ ಹಚ್ಚುತ್ತಿದ್ದೆ. ಒಂದೊಂದೇ ಇಳಿಸಿ ತೋರಿಸಿದೆ. "ಇದು ನೋಡ್ರಿ ಸರ್, ಗುಡಿಸಲು ಕೆಡವಾಕ ಬಂದಿದ್ರು, ಮೇಡಂ ಸ್ಟೇ ತಂದ್ರು. ಇದೂ ಸರ್ಕಾರದ ಮ್ಯಾಲೇ. ಇದೂ ಅಷ್ಟೇರಿ. ಸರ್ಕಾರಕ್ಕ ನಮ್ಮ ಮೇಡಂ ಅಂದ್ರ ನಡುಕ!"

"ಹೌದಾ?" ಎನ್ನುತ್ತ ಅವರು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡರು. ಅವರು ಬರೆದಷ್ಟೂ ನನಗೆ ಹುರುಪು ಬಂತು, ಇನ್ನೆರಡು ಕಡತ ಇಳಿಸಿದೆ.

ಆಮೇಲೆ ಕಾಯುವುದು ಶುರುವಾಯಿತು. ಪಾರ್ಲಿಮೆಂಟು ಎಂದರೆ ಗದ್ದಲ ಎಂದಷ್ಟೇ ತಿಳಿದಿದ್ದ ನಾನು ಅಧಿವೇಶನ ಯಾವಾಗ ಶುರು, ಯಾವಾಗ ಮುಕ್ತಾಯ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ನ್ಯಾಯಮೂರ್ತಿಗಳನ್ನು ಆರಿಸಬೇಕಾದವರು ಯಾರು, ಕೋರ್ಟೋ ಜನರು ಆರಿಸಿದ ಸರ್ಕಾರವೋ ಎಂದು ಅಲ್ಲಿ ಜಗಳ. ಒಬ್ಬ ಸದಸ್ಯರು ಎದ್ದು, ಇಷ್ಟು ಹೆಸರು ಯಾಕೆ ಕೂತಿವೆ ಎಂದು ಕೇಳಿದರು. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಮುಂದಿನ ಅಧಿವೇಶನದಲ್ಲೂ ಅದೇ ಉತ್ತರ. ಬಜೆಟ್ ಮುಗಿಯಲಿ ಎಂದರು, ಚುನಾವಣೆ ಮುಗಿಯಲಿ ಎಂದರು. ಕೆಳಗಿನ ಪಾತ್ರೆ ಅಂಗಡಿಯವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: "ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ ಬುಡಿ."

ಮೇಡಂಗೆ ಹಳೆಯ ಪರಿಚಯದ ಒಬ್ಬ ಮಾಜಿ ಶಾಸಕರು ಮೆಟ್ಟಿಲು ಹತ್ತಿ ಬಂದರು. "ದೆಹಲಿಯಿಂದ ನಮ್ಮ ಲೀಡರ್ ಬರ್ತಾರಮ್ಮ. ಸುಮ್ನೆ ಬಂದು ಒಂದು ನಮಸ್ಕಾರ ಮಾಡಿ, ಮಿಕ್ಕಿದ್ದು ನಾನು ಮಾತಾಡ್ತೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮೇಡಂ ಅವರಿಗೆ ಕಾಫಿ ಕೊಟ್ಟು ಅಂದದ್ದು ಇಷ್ಟೇ: "ನಾಳೆ ಅವರದ್ದೇ ಕೇಸು ನನ್ನ ಮುಂದೆ ಬಂದ್ರೆ ಏನ್ಮಾಡ್ಲಿ, ಹೇಳಿ?" ಶಾಸಕರು ಕಾಫಿ ಕುಡಿದು ಹೋದರು. ನನಗೆ ಹೊಟ್ಟೆ ಉರಿಯಿತು. ಒಂದು ನಮಸ್ಕಾರದಿಂದ ಏನು ಸವೆಯುತ್ತಿತ್ತು? ಈಗ ನೆನೆದರೆ ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಗುತ್ತದೆ.

ಎರಡು ವರ್ಷ ದಾಟಿದ ಮೇಲೆ ಆದೇಶ ಬಂತು. ಐದರಲ್ಲಿ ಮೂರು ಹೆಸರು ಮಾತ್ರ. ಮೇಡಂ ಹೆಸರು ಇಲ್ಲ, ಯಾಕಿಲ್ಲ ಎಂದು ಯಾರೂ ಹೇಳಲಿಲ್ಲ. ಪಟ್ಟಿಯಲ್ಲಿ ಮೇಡಂಗಿಂತ ಕೆಳಗಿದ್ದವರೊಬ್ಬರು, ಒಂದು ಕಾಲಕ್ಕೆ ನಮ್ಮ ಆಫೀಸಿನಿಂದ ಪುಸ್ತಕ ಒಯ್ಯುತ್ತಿದ್ದವರು, ನ್ಯಾಯಮೂರ್ತಿಯಾದರು. ಆ ಪ್ರಮಾಣವಚನಕ್ಕೆ ಮೇಡಂ ರೇಷ್ಮೆ ಸೀರೆ ಉಟ್ಟು ಹೋಗಿ ಅಭಿನಂದಿಸಿ ಬಂದರು. ಕೋರ್ಟಿನ ಪಡಸಾಲೆಯಲ್ಲಿ ಮಾತ್ರ, ಮೇಡಂ ಸರ್ಕಾರದ ವಿರೋಧಿಯೆಂದು ಯಾರೋ ವರದಿ ಕೊಟ್ಟಿದ್ದಾರಂತೆ ಎಂಬ ಪಿಸುಮಾತು ಹಬ್ಬಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರೋ ಅಲ್ಲ, ನಾನೇ, ಟೀ ಕೊಟ್ಟು, ಬೀರು ತೆಗೆದು, ಸಾಕ್ಷಿ ಸಮೇತ ಹೇಳಿ ಕಳಿಸಿದ್ದೆ. ಬೀರುವಿಗೆ ಬೀಗ ಹಾಕಿದೆ. ಆ ವರ್ಷದ ಆಯುಧಪೂಜೆಗೆ ಟೈಪ್‌ರೈಟರಿಗೂ ಕಂಪ್ಯೂಟರಿಗೂ ಕುಂಕುಮ ಇಟ್ಟು ಕಡತಗಳನ್ನು ಬಿಟ್ಟೆ. ಮೇಡಂ ಮುಂದೆ ಒಪ್ಪಿಕೊಳ್ಳಬೇಕೆಂದು ಎಷ್ಟೋ ಸಲ ಬಾಗಿಲ ತನಕ ಹೋಗಿ, ಧೈರ್ಯ ಸಾಲದೆ ಹಿಂದೆ ಬಂದೆ.

ಮೇಡಂ ಹೆಸರು ಇನ್ನೂ ತಿರಸ್ಕಾರವಾಗಿರಲಿಲ್ಲ, ಬಾಕಿ ಇತ್ತು, ಇನ್ನೂ ಬರಬಹುದು ಎನ್ನುತ್ತಿದ್ದರು. ಅಂಥ ಹೊತ್ತಿನಲ್ಲಿ ಮರ್ಫಿ ಟೌನಿನಿಂದ ಹೂ ಮಾರುವ ಹೆಂಗಸು ಬಂದಳು. ಅವಳ ಸಾಲಿನ ಹನ್ನೊಂದು ಮನೆಗಳಿಗೆ ಜಾಗ ಖಾಲಿ ಮಾಡಲು ಸರ್ಕಾರದ ನೋಟಿಸು ಬಂದಿತ್ತು, ಹದಿನೈದು ದಿನ ಗಡುವು. ಈ ಸಲ ನಾನು ಬಾಯಿ ಕಟ್ಟಿದೆ. "ಮೇಡಂ ಕೇಸ್ ತಗೊಳ್ಳಂಗಿಲ್ಲಮ್ಮ, ಬ್ಯಾರೆ ಕಡೆ ನೋಡ್ರಿ" ಎಂದು ಮೆಟ್ಟಿಲಲ್ಲೇ ತಡೆದೆ. ಸರ್ಕಾರದ ವಿರುದ್ಧ ಇನ್ನೊಂದು ಕಡತ ಬೀರು ಸೇರುವುದು ನನಗೆ ಬೇಡವಾಗಿತ್ತು.

"ಒಳಗಿರೋ ಲಾಯರಮ್ಮನ್ನೇ ಕೇಳಿ ಹೋಗ್ತೀನಿ" ಎಂದು ಆಕೆ ಅಲ್ಲೇ ಕೂತಳು. ಒಳಗಿನಿಂದ ಮೇಡಂ ಬಂದರು, ನಿಂತೇ ನೋಟಿಸು ಓದಿದರು. "ನಾಳೆ ಎಲ್ಲ ಮನೆಯವರನ್ನೂ ಕರ್ಕೊಂಡು ಬಾಮ್ಮ" ಎಂದರು.

ನಾನು ಬಾಯಿಬಿಟ್ಟೆ: "ಮೇಡಂ, ದೆಹಲಿಯಾಗ ಹೆಸರು ಇನ್ನೂ ಐತ್ರಿ."

"ಇನ್ನು ಇರಲ್ಲ ಬಿಡಿ. ಎರಡು ಕಾಗದ ಟೈಪ್ ಮಾಡಿ. ಒಂದು ಇವರ ವಕಾಲತ್ತು. ಇನ್ನೊಂದು, ನ್ಯಾಯಮೂರ್ತಿಯಾಗೋಕೆ ನಾನು ಕೊಟ್ಟಿದ್ದ ಒಪ್ಪಿಗೆ ವಾಪಸ್ ತಗೊಳ್ತಿದ್ದೀನಿ ಅಂತ."

ಆ ಎರಡನೆಯ ಕಾಗದವನ್ನು ನಾನೇ ಟೈಪ್ ಮಾಡಿದೆ, ನಾಲ್ಕೇ ಸಾಲು. ಮೂರು ಸಲ ತಪ್ಪಿ ಹೊಸ ಹಾಳೆ ಹಾಕಿದೆ.

ಕೇಸು ಬಂದದ್ದು, ನಮ್ಮಲ್ಲಿಂದ ಪುಸ್ತಕ ಒಯ್ಯುತ್ತಿದ್ದ ಆ ಹೊಸ ನ್ಯಾಯಮೂರ್ತಿಗಳ ಮುಂದೆಯೇ. ಹಿಂದಿನ ಬೆಂಚಿನಲ್ಲಿ ಹೂವಿನ ಹೆಂಗಸಿನ ಪಕ್ಕ ಕೂತು ನಾನು ಹಲ್ಲು ಕಚ್ಚಿಕೊಂಡಿದ್ದೆ. ಮೇಡಂ ಎದ್ದರು. ತಾವು ಕೂರಬೇಕಿದ್ದ ಪೀಠಕ್ಕೆ ಬಾಗಿ ವಂದಿಸಿ, "ಮಹಾಸ್ವಾಮಿ" ಎಂದರು. ಆ ದನಿಯಲ್ಲಿ ಕೊಂಕನ್ನು ಹುಡುಕಿದೆ, ಒಂದು ಕೂದಲೆಳೆಯಷ್ಟೂ ಇರಲಿಲ್ಲ. ಇಂಥ ಮನುಷ್ಯರ ಕೈಕೆಳಗೆ ಇಪ್ಪತ್ತು ವರ್ಷ ದುಡಿದೆನಲ್ಲ ಎಂದು ಕಣ್ಣು ತುಂಬಿತು. ನ್ಯಾಯಮೂರ್ತಿಗಳೂ ದೊಡ್ಡವರೇ. ಮುಖ ತಗ್ಗಿಸದೆ ಪೂರ್ತಿ ಕೇಳಿ, ಮನೆಗಳನ್ನು ಮುಟ್ಟಬಾರದೆಂದು ತಡೆ ಕೊಟ್ಟರು.

ಸಂಜೆ ಆಫೀಸಿನಲ್ಲಿ ಮೇಡಂ ಆ ಕಡತವನ್ನು ನನ್ನ ಮೇಜಿನ ಮೇಲಿಟ್ಟರು.

"ಗುಮಾಸ್ತರೇ, ಇದನ್ನ ಬೀರುವಲ್ಲಿಡಿ."

"ಬೀಗ ಹಾಕೀನ್ರಿ ಮೇಡಂ."

"ಗೊತ್ತು, ತೆಗೀರಿ. ಈ ಸಲ ಹಬ್ಬಕ್ಕೆ ಕುಂಕುಮಾನೂ ಮರೀಬೇಡಿ." ಬ್ಯಾಗು ಎತ್ತಿಕೊಂಡು ಬಾಗಿಲವರೆಗೆ ಹೋದವರು ತಿರುಗಿದರು. "ಆ ಸಫಾರಿಯವರು ಅವತ್ತೇ ಕೋರ್ಟಿಗೆ ಬಂದು ನನ್ನನ್ನೂ ಕೇಳಿದ್ರು, ನಿಮ್ಮ ಗುಮಾಸ್ತರು ಹೇಳಿದ್ದೆಲ್ಲ ನಿಜಾನಾ ಅಂತ. ಒಂದೂ ಸುಳ್ಳಲ್ಲ, ಬರ್ಕೊಳ್ಳಿ ಅಂದೆ."