ಚಿಕ್ಕಮ್ಮನ ಟ್ಯೂನು, ಅಮ್ಮನ ಗೇರು

ನಮ್ಮ ಚಿಕ್ಕಮ್ಮ ಬಾಯಿ ಮುಚ್ಚಿಕೊಂಡು ಕೂತದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ, ಅದೂ ಅಮ್ಮನಿಗೋಸ್ಕರ. ಆ ಕಥೆ ಹೇಳುವ ಮೊದಲು ಅವಳ ಬಾಯಿಯ ವಿಷಯ ಹೇಳಲೇಬೇಕು, ಏಕೆಂದರೆ ಅವಳ ಹೊಟ್ಟೆಪಾಡು ನಡೆಯುವುದೇ ಅದರಿಂದ.

ಚಿಕ್ಕಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಕಲಿಯಲು ಬರುವವರು ಅವಳಿಗಿಟ್ಟ ಹೆಸರು ಪೀಪಿ ಮೇಡಂ. ಬೇರೆ ಮೇಷ್ಟ್ರುಗಳ ಹಾಗೆ ‘ಕ್ಲಚ್ ಒತ್ತಿ, ಸೆಕೆಂಡ್ ಹಾಕಿ’ ಎಂದು ಅವಳು ಅರಚುವುದಿಲ್ಲ. ತುಟಿ ಸೇರಿಸಿ ಟ್ಯೂನು ಊದುತ್ತಾಳೆ. ಅದು ಒಂದು ಹಳೆಯ ಜಪಾನಿ ಕಾರ್ಟೂನು ಧಾರಾವಾಹಿಯ ಸಂಗೀತ. ಅವಳೂ ಅಮ್ಮನೂ ಚಿಕ್ಕವರಿದ್ದಾಗ ಟೀವಿಯಲ್ಲಿ ಬರುತ್ತಿತ್ತಂತೆ, ಪೂರ್ತಿ ಕಾರ್ ರೇಸಿನದೇ ಕಥೆ. ಮೊದಲು ಡ್ರಮ್ಮು: ಆಗ ಕ್ಲಚ್ ಮೆಲ್ಲಗೆ ಬಿಡಬೇಕು. ಆಮೇಲೆ ದಪ್ಪ ತಂತಿಯ ಗಿಟಾರು: ಗಾಡಿ ಫಸ್ಟ್ ಗೇರಿನಲ್ಲಿ ಹೊರಡಬೇಕು. ಕಹಳೆಗಳೆಲ್ಲ ಒಟ್ಟಿಗೆ ಎದ್ದವೋ, ಸೆಕೆಂಡ್. ರೇಸಿನಲ್ಲಿ ಸೋತ ಹುಡುಗ ಒಬ್ಬನೇ ಕೂತಿರುವಾಗ ಬರುವ ಮೌತ್ ಆರ್ಗನ್ನಿನ ರಾಗವನ್ನು ಅವಳು ರಿವರ್ಸ್ ಪಾರ್ಕಿಂಗಿಗೆ ಇಟ್ಟುಕೊಂಡಿದ್ದಾಳೆ. ಸೋತವನ ಹಾಗೆ ತಲೆ ತಗ್ಗಿಸಿ ನಿಧಾನಕ್ಕೆ ಹಿಂದೆ ಬಂದರೆ ಯಾವ ಗೋಡೆಗೂ ತಾಗುವುದಿಲ್ಲ ಎನ್ನುವುದು ಅವಳ ಸಿದ್ಧಾಂತ. ನಗುವವರು ನಗಲಿ, ಅವಳ ಕೈಯಲ್ಲಿ ಕಲಿತವರು ಟೆಸ್ಟಿನಲ್ಲಿ ಫೇಲಾಗುವುದು ಅಪರೂಪ.

ತಮಾಷೆಯೆಂದರೆ, ಆ ಕಾರ್ಟೂನನ್ನು ಅಕ್ಕತಂಗಿಯರಿಬ್ಬರೂ ಕಣ್ಣಾರೆ ನೋಡಿಯೇ ಇಲ್ಲ. ಮನೆಯ ಟೀವಿಯಲ್ಲಿ ಚಿತ್ರ ಹೋಗಿ ಶಬ್ದ ಮಾತ್ರ ಉಳಿದಿತ್ತು. ದರ್ಜಿಯಾಗಿದ್ದ ನಮ್ಮ ತಾತ, ಕೇಳಿಸುತ್ತಿದೆಯಲ್ಲ, ಇನ್ನೇನು ಬೇಕು ಎಂದು ರಿಪೇರಿಯನ್ನು ಮುಂದೂಡುತ್ತಲೇ ಹೋದರು. ಕಪ್ಪು ಗಾಜಿನ ಮುಂದೆ ಕೂತು ಅಮ್ಮ ಕೇಳುವುದು, ಚಿಕ್ಕಮ್ಮ ಕಥೆ ಕಟ್ಟುವುದು. ಈಗ ತಿರುವು ಬಂತು, ಈಗ ಹಳದಿ ಕಾರು ಹಿಂದೆ ಬಿತ್ತು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದಳಂತೆ. ಚಿತ್ರ ಬರುವಷ್ಟರಲ್ಲಿ ಧಾರಾವಾಹಿಯೇ ಮುಗಿದಿತ್ತು. ಹೀರೋನ ಕಾರು ಯಾವ ಬಣ್ಣ ಎಂದು ಈಗ ಕೇಳಿದರೂ ಚಿಕ್ಕಮ್ಮ ತಡವರಿಸದೆ ಕೆಂಪು ಅನ್ನುತ್ತಾಳೆ. ದೇವರೇ ಬಲ್ಲ.

ಅಪ್ಪನ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಮುಗಿಸಿ ಬರುವಾಗ ಅವರಿಗೆ ಸುಸ್ತು, ವಾಂತಿ. ಬಾಡಿಗೆ ಕಾರಿನವರು ಒಮ್ಮೆ ಬಂದರೆ ಇನ್ನೊಮ್ಮೆ ಬರುತ್ತಿರಲಿಲ್ಲ. ನನಗೆ ದಪ್ಪ ಗಾಜಿನ ಕನ್ನಡಕ ಹಾಕಿದರೂ ಎದುರಿನ ಬೋರ್ಡು ಮಸುಕು, ಹಾಗಾಗಿ ನನಗೆ ಲೈಸೆನ್ಸಿನ ಮಾತೇ ಇಲ್ಲ. ಭಾವನನ್ನು ಕರೆದೊಯ್ಯುವ ಕೆಲಸವನ್ನು ಚಿಕ್ಕಮ್ಮ ಯಾರೂ ಕೇಳದೆಯೇ ತಲೆಮೇಲೆ ಹೊತ್ತುಕೊಂಡಳು. ಆದರೆ ವರ್ಷಾನುಗಟ್ಟಲೆ ಕ್ಲಚ್ ತುಳಿದು ಅವಳ ಎಡಮಂಡಿ ಸವೆದುಹೋಗಿತ್ತು. ಡಾಕ್ಟರು ಆಪರೇಷನ್ ಆಗಲೇಬೇಕು, ಆಮೇಲೆ ತಿಂಗಳುಗಟ್ಟಲೆ ಕಾರು ಮುಟ್ಟಬಾರದು ಎಂದಿದ್ದರು. ಅಕ್ಕನಿಗೆ ಲೈಸೆನ್ಸ್ ಬರಲಿ, ಆಮೇಲೆ ನನ್ನ ಮಂಡಿ ಎಂದು ಇವಳು ಪಟ್ಟು ಹಿಡಿದಳು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವ ತಂಗಿಯನ್ನು ನೋಡಿ ಅಮ್ಮ ಸ್ಟಿಯರಿಂಗ್ ಹಿಡಿದಳು.

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ. ಊರಿಗೆಲ್ಲ ಕಲಿಸಿದ ಚಿಕ್ಕಮ್ಮನಿಗೆ ಸ್ವಂತ ಅಕ್ಕನಿಗೆ ಕಲಿಸಲಾಗಲಿಲ್ಲ. ಸಮತಟ್ಟು ರಸ್ತೆಯಲ್ಲಿ ಅಮ್ಮ ಹೇಗೋ ಸುಧಾರಿಸುತ್ತಿದ್ದಳು. ಏರಿನಲ್ಲಿ ನಿಲ್ಲಿಸಿ ಹೊರಡಿಸು ಎಂದರೆ, ಗಾಡಿ ನಾಲ್ಕು ಮಾರು ಹೋಗಿ ಗಕ್ಕನೆ ಆಫ್. ಮೊದಲ ಟೆಸ್ಟೂ ಹೋಯಿತು, ಎರಡನೆಯದೂ ಹೋಯಿತು. ಕುಣಿಯಲಾರದವಳಿಗೆ ನೆಲ ಡೊಂಕು ಅಂದಹಾಗೆ ಅಮ್ಮ ಏರನ್ನು ಬೈದಳು, ಚಪ್ಪಲಿಯನ್ನು ಬೈದಳು, ಕೊನೆಗೆ ತನ್ನನ್ನೇ ಬೈದುಕೊಂಡು ಅಡುಗೆಮನೆಯಲ್ಲಿ ಅತ್ತಳು.

ಮೂರನೇ ಟೆಸ್ಟಿಗೆ ಮುಂಚೆ ಒಂದು ಭಾನುವಾರ ನಾನೂ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಅಮ್ಮ ಮತ್ತೆ ಏರಿನ ಮಧ್ಯೆ ನಿಂತುಹೋದಳು. ಬೇಸರ ಕಳೆಯಲಿ ಎಂದು ನಾನು ಆ ಕಾರ್ಟೂನಿನ ಹಳೆಯ ಸಂಗೀತವನ್ನು ಫೋನಿನಲ್ಲಿ ಹುಡುಕಿ ಹಾಕಿದೆ. ಡ್ರಮ್ಮು, ಗಿಟಾರು, ಕಹಳೆ. ಅಮ್ಮ ಅಭ್ಯಾಸಬಲದಿಂದ ಜೊತೆಗೆ ಗುನುಗಿದಳು, ಒಂದೆಳೆಯೂ ಆಚೀಚೆ ಆಗಲಿಲ್ಲ. ಚಿಕ್ಕಮ್ಮನೂ ಊದಿದಳು. ಅವಳ ಡ್ರಮ್ಮು ಇನ್ನೂ ಬಡಿಯುತ್ತಲೇ ಇತ್ತು, ಫೋನಿನಲ್ಲೂ ಅಮ್ಮನ ಗಂಟಲಲ್ಲೂ ಕಹಳೆ ಬಂದು ಹೋಗಿಯಾಗಿತ್ತು. ಫೋನೇ ತಪ್ಪು ಎಂದು ಚಿಕ್ಕಮ್ಮ ವಾದಕ್ಕಿಳಿದಳು. ನಾನು ಮತ್ತೊಮ್ಮೆ ಹಾಕಿದೆ.

ಚಿಕ್ಕಂದಿನಲ್ಲಿ ಆ ಕಪ್ಪು ಟೀವಿಯ ಮುಂದೆ ಕಥೆ ಹೇಳುವ ಗಡಿಬಿಡಿಯಲ್ಲಿ ಅವಳು ಸಂಗೀತವನ್ನು ಅರ್ಧಂಬರ್ಧ ಕೇಳಿದ್ದಳು. ಆಮೇಲೆ ಕಲಿಯುವವರ ಕಾಲು ಹದಕ್ಕೆ ಬರುವವರೆಗೆ ಕಾದು ಕಾದು, ಗೊತ್ತಿಲ್ಲದೆಯೇ ಟ್ಯೂನನ್ನು ಎಳೆದು ಉದ್ದ ಮಾಡಿದ್ದಳು. ಮೂಲ ಗೊತ್ತಿಲ್ಲದವರೆಲ್ಲ ಅವಳ ಬಾಯಿಯನ್ನು ನಂಬಿ ಹೋಗುತ್ತಿದ್ದರು. ಅಮ್ಮನಿಗೆ ಮಾತ್ರ ಟ್ಯೂನು ಸರಿಯಾಗಿ ಬರುತ್ತಿತ್ತು. ಡ್ರಮ್ಮು ಶುರುವಾದರೆ ಸಾಕು, ಉಳಿದದ್ದು ಅವಳ ತಲೆಯೊಳಗೆ ತಾನಾಗಿ ಓಡಿ ಕಹಳೆ ಮೊಳಗಿಬಿಡುತ್ತಿತ್ತು. ಗಾಡಿ ಇನ್ನೂ ಏರಿನಲ್ಲಿ ಏದುಸಿರು ಬಿಡುತ್ತಿರುವಾಗಲೇ ಕೈ ಸೆಕೆಂಡ್ ಗೇರಿಗೆ ಹೋಗುತ್ತಿತ್ತು.

ಎರಡನೇ ಸಲ ಕೇಳಿದ ಮೇಲೆ ಚಿಕ್ಕಮ್ಮ ವಾದ ಬಿಟ್ಟಳು.

“ಹಾಗಾದ್ರೆ ನಾನು ಹಾಡಬಾರದು,” ಎಂದಳು.

“ನೀನು ಹಾಡದಿದ್ರೆ ನಂಗೆ ಕೈಕಾಲೇ ಆಡಲ್ಲ ಕಣೆ.”

“ಇಂಜಿನ್ ಸದ್ದು ಮಾಡುತ್ತಲ್ಲ ಅಕ್ಕ, ಅದನ್ನ ಕೇಳು. ಕೇಳೋದರಲ್ಲಿ ನೀನು ನನಗಿಂತ ಎಷ್ಟೋ ವಾಸಿ.”

ಮರುದಿನದಿಂದ ಅವಳು ಬಾಯಲ್ಲಿ ಪೆಪ್ಪರಮಿಂಟು ಇಟ್ಟುಕೊಂಡು ಕೂರತೊಡಗಿದಳು. ಆ ಕಷ್ಟ ನೋಡಲಾಗುತ್ತಿರಲಿಲ್ಲ. ಬಾಯಿ ನಿಂತರೆ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅಮ್ಮ ಅದಕ್ಕೂ ಗದರಿದ ಮೇಲೆ ಎರಡೂ ಕೈಗಳ ಮೇಲೆ ಕೂತಳು. ಮೊದಮೊದಲು ಆ ಮೌನಕ್ಕೇ ಹೆದರಿ ಅಮ್ಮ ಮೊದಲಿಗಿಂತ ಹೆಚ್ಚು ಸಲ ಗಾಡಿ ನಿಲ್ಲಿಸಿದಳು. ಆಮೇಲೆ ಒಂದು ಸಂಜೆ, ಏರಿನಲ್ಲಿ ಇಂಜಿನ್ ದನಿ ತಗ್ಗಿದ್ದೇ ತಡ, ಅವಳ ಕಾಲು ಕ್ಲಚ್ಚಿನ ಮೇಲೆ ಹಾಗೇ ನಿಂತಿತು. ಗಾಡಿ ಹಿಂದಕ್ಕೂ ಜಾರಲಿಲ್ಲ, ಆಫೂ ಆಗಲಿಲ್ಲ. ಚಿಕ್ಕಮ್ಮ ಪೆಪ್ಪರಮಿಂಟು ನುಂಗಿಬಿಟ್ಟು ಕೆಮ್ಮಿದಳು.

ಮೂರನೇ ಟೆಸ್ಟಿನಲ್ಲಿ ಇನ್‌ಸ್ಪೆಕ್ಟರು ಹೊಗಳಲಿಲ್ಲ, ತೆಗಳಲೂ ಇಲ್ಲ. ಕಾಗದಕ್ಕೆ ಸಹಿ ಹಾಕಿ ಮುಂದಿನವರನ್ನು ಕರೆದರು. ಮುಂದಿನ ವಾರವೇ ಚಿಕ್ಕಮ್ಮನ ಮಂಡಿಗೆ ದಿನ ಗೊತ್ತಾಯಿತು.

ಆಪರೇಷನ್ನಿಗೂ ಮೊದಲು ಅಪ್ಪನ ಡಯಾಲಿಸಿಸ್ಸಿಗೆ ಅಮ್ಮನೇ ಮೊದಲ ಸಲ ಕಾರು ತೆಗೆದಳು. ಪಕ್ಕದ ಸೀಟಿನಲ್ಲಿ ಚಿಕ್ಕಮ್ಮ, ಹಿಂದೆ ಅಪ್ಪ ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದರು. ಆಸ್ಪತ್ರೆಯ ಗೇಟಿಗೆ ಹೋಗುವ ಏರಿನ ಮಧ್ಯೆಯೇ ಸಾಲು ನಿಂತಿತು. ಹಿಂದೆ ಒಂದು ಆಂಬುಲೆನ್ಸು ಅಂಟಿಕೊಂಡಿತ್ತು. ಚಿಕ್ಕಮ್ಮ ತುಟಿ ಬಿಗಿಹಿಡಿದು ತನ್ನ ಕೈಗಳ ಮೇಲೆ ಕೂತಿದ್ದಳು. ನಾನು ಅಪ್ಪನ ಕೈ ಹಿಡಿದುಕೊಂಡೆ. ಅಮ್ಮ ಒಂದು ಕ್ಷಣ ಇಂಜಿನ್ನಿಗೆ ಕಿವಿಗೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ, ಗಾಡಿಯನ್ನು ಮೇಲಕ್ಕೆ ಎಬ್ಬಿಸಿದಳು.

“ಯಾಕೆ ಸುಮ್ಮನಿದೀಯ? ಹಾಡೇ,” ಎಂದಳು ರಸ್ತೆಯಿಂದ ಕಣ್ಣು ತೆಗೆಯದೆ.

“ಬೇಡ ಅಕ್ಕ. ಮತ್ತೆ ಗೇರು ತಪ್ಪುತ್ತೆ.”

“ತಪ್ಪಲ್ಲ. ನೀನು ಹಾಡೋ ಹಾಗೇ ಹಾಡು, ತಪ್ಪುತಪ್ಪಾಗಿ. ಆಪರೇಷನ್ ಮುಗಿದು ನೀನು ಮತ್ತೆ ಈ ಸೀಟಿಗೆ ಬರೋವರೆಗೆ ನಾನೊಬ್ಬಳೇ ಓಡಿಸ್ಬೇಕಲ್ಲ. ಕೇಳಿಟ್ಕೋತೀನಿ.”

ಚಿಕ್ಕಮ್ಮ ಕೈ ಹೊರಗೆ ತೆಗೆದು ಮೂಗು ಒರೆಸಿಕೊಂಡಳು, ಡ್ರಮ್ಮಿನಿಂದ ಶುರುಮಾಡಿದಳು.