ಉಮಾಶಂಕರ್ ಹಿಡಿದ ಜಾಗ

ಚೆರ್ರಿ ಹೂ ಬಿಟ್ಟು, ಊರಿಗೆ ಊರೇ ಮರದಡಿ ಕೂತು ಉಣ್ಣುವ ವಾರ ಬಂತೆಂದರೆ ಟೋಕಿಯೋದ ನಮ್ಮ ಕನ್ನಡದವರಿಗೆಲ್ಲ ಉಮಾಶಂಕರ್ ಬೇಕು. ಮಿನಾಟೋದ ಆಫೀಸಿನಲ್ಲಿ ದೊಡ್ಡ ಮ್ಯಾನೇಜರ್ ಆದರೂ, ನಾವು ಹಲ್ಲುಜ್ಜುವ ಹೊತ್ತಿಗೇ ಈ ಮನುಷ್ಯ ಪಾರ್ಕಿನ ಒಳ್ಳೇ ಮರದ ಕೆಳಗೆ ನೀಲಿ ಶೀಟು ಹಾಸಿ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರ ಠೀವಿಯಲ್ಲಿ ಕೂತಿರುತ್ತಾರೆ. ಶೀಟಿನಲ್ಲಿ ಒಂದು ಸುಕ್ಕು ಕಂಡರೂ ಸಹಿಸರು. ಪಕ್ಕದ ಜಪಾನಿಯರಿಗೆ ತಲೆಬಾಗಿ ‘ಸುಮಿಮಾಸೆನ್’ ಎಂಬ ಕ್ಷಮಾಪಣೆ, ನಮಗೆ ‘ಶೂ ಬಿಚ್ರೀ, ಶೂ!’ ಪುಳಿಯೋಗರೆ ಡಬ್ಬಿಗೆ ಕೈ ಹಾಕಿದರೆ ಗದರುತ್ತಾರೆ: ‘ವಾರವೆಲ್ಲಾ ರೈಲಲ್ಲಿ ಅಪ್ಪಚ್ಚಿಯಾಗಿ ಬಂದಿದೀರ, ಮೊದಲು ತಲೆ ಎತ್ತಿ ಹೂ ನೋಡ್ರೀ!’ ಕೊಂಬೆ ಬಾಗಿದ ಕಡೆಯ ಶೀಟಿನ ಮೂಲೆಯಲ್ಲಿ ಮಾತ್ರ ಯಾರನ್ನೂ ಕೂರಗೊಡುವುದಿಲ್ಲ. ಅದೇಕೆಂದು ಅವರ ಹೆಂಡತಿ ಶುಭಾ ಒಮ್ಮೆ ಹೇಳಿದರು. ಮಗಳು ಪ್ರಣತಿ ಚಿಕ್ಕವಳಿದ್ದಾಗ, ಜಾಗ ಹಿಡಿದಿರ್ತೀನಿ ಎಂದು ಮಾತು ಕೊಟ್ಟು ಇವರು ಆಫೀಸಿನಲ್ಲೇ ಉಳಿದರಂತೆ. ಮರದಡಿ ಎಲ್ಲೂ ಜಾಗ ಸಿಗದೆ ತಾಯಿ ಮಗಳು ಸೈಕಲ್ ಸ್ಟ್ಯಾಂಡಿನ ಪಕ್ಕ ನಿಂತೇ ಊಟ ಮುಗಿಸಿದರಂತೆ. ಆಮೇಲೂ ಪ್ರತಿ ಸಲ ‘ಮುಂದಿನ ವರ್ಷ ಪುಟ್ಟಾ’ ಎನ್ನುತ್ತಲೇ ಅವಳ ಬಾಲ್ಯ ಕಳೆದುಹೋಯಿತು. ಪ್ರಣತಿ ಈಗ ದೂರದ ಫುಕುವೋಕಾ ನಗರದಲ್ಲಿ ಸಂಶೋಧಕಿ. ಉಮಾಶಂಕರ್ ಮರದ ಕೆಳಗಿಂದಲೇ ಫೋನ್ ಮಾಡಿ, ‘ಜಾಗ ಹಿಡಿದಿದೀನಿ ಕಣೇ’ ಎನ್ನುತ್ತಾರೆ. ‘ಲ್ಯಾಬಲ್ಲಿದೀನಿ ಅಪ್ಪಾ, ನೆಕ್ಸ್ಟ್ ಇಯರ್’ ಅನ್ನುವುದು ನಮಗೂ ಕೇಳಿಸುತ್ತದೆ. ಫೋನಿಟ್ಟು ಅವರು, ಯಾರೂ ಕೂರದ ಆ ಮೂಲೆಯಲ್ಲಿ, ಇಲ್ಲದ ಸುಕ್ಕನ್ನು ಅಂಗೈಯಿಂದ ತೀಡುತ್ತಾರೆ.